ನೆಲಮಾಳಿಗೆಯ ನೀಲಿ ಮೀನು

ಸಮರ್‌ಸೆಟ್‌ನ ಸೂರ್ಯನಾರಾಯಣರು ಮೂವತ್ತು ವರ್ಷ ಆಸ್ಪತ್ರೆಯೊಂದರ ಸೋಂಕು ತಡೆಯುವ ವಿಭಾಗದಲ್ಲಿದ್ದವರು. ಕೈ ತೊಳೆಯದೆ ವಾರ್ಡಿಗೆ ನುಗ್ಗುತ್ತಿದ್ದ ಹಿರಿಯ ಸರ್ಜನ್ ಒಬ್ಬರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವರು. ಕೋವಿಡ್ ಕಾಲದಲ್ಲಿ ಬಾಳೆಹಣ್ಣಿಗೂ ಗರಾಜಿನಲ್ಲಿ ಮೂರು ದಿನ ವಾಸ ವಿಧಿಸಿದ್ದರು. ಹಣ್ಣು ಕಪ್ಪಾಗುತ್ತಿತ್ತು, ನಿಯಮ ಸಡಿಲವಾಗುತ್ತಿರಲಿಲ್ಲ.

ಹನ್ನೊಂದು ವರ್ಷಗಳಿಂದ ಅವರ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ಟ್ಯಾಂಕ್ ಇದೆ. ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಕಮಾನು, ಅದರ ತುಂಬ ಜೀವಂತ ಹವಳ, ಐದು ಮೀನು. ಅಂಗೈಯಗಲದ ಹಳದಿ ಮೀನು ಎಲ್ಲಕ್ಕೂ ಹಿರಿಯದು; ಕಮಾನು ತನ್ನದೆಂದೇ ಅದು ತಿಳಿದಿತ್ತು. ಹೊಸ ಮೀನು ಯಾವುದೇ ಬರಲಿ, ಮೊದಲು ಬೇಸ್‌ಮೆಂಟಿನ ಚಿಕ್ಕ ಟ್ಯಾಂಕಿನಲ್ಲಿ ಮೂವತ್ತು ದಿನ ಕ್ವಾರಂಟೈನ್. ಅಲ್ಲಿ ಮರಳಿಲ್ಲ, ಹವಳವಿಲ್ಲ; ಅವಿತುಕೊಳ್ಳಲು ಪ್ಲಾಸ್ಟಿಕ್ ಪೈಪಿನ ತುಂಡೊಂದು. ರೋಗ ಮೇಲಿನ ಟ್ಯಾಂಕಿಗೆ ಹೋದರೆ ಅಲ್ಲಿ ಔಷಧ ಹಾಕುವಂತಿಲ್ಲ. ಮೀನನ್ನು ಉಳಿಸುವ ತಾಮ್ರದ ಔಷಧ ಹವಳವನ್ನು ಕೊಲ್ಲುತ್ತದೆ.

ಈ ವಸಂತದಲ್ಲಿ ಅವರ ಕಾಲೇಜು ಗೆಳೆಯ, ಈಸ್ಟ್ ಬ್ರನ್ಸ್‌ವಿಕ್‌ನ ಸುಬ್ಬುವಿಗೆ ಎರಡೂ ಕಣ್ಣಿನ ಪೊರೆ ತೆಗೆದರು. ಕರೆದೊಯ್ದು ಕರೆತಂದವರು ಸೂರ್ಯನಾರಾಯಣರು. ತಿಂಗಳಾದ ಮೇಲೆ ಸುಬ್ಬು ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಒಂದು ನೀಲಿ ಮೀನು.

"ಪೊರೆ ತೆಗೆದ ಮೇಲೆ ನೀಲಿ ಅಂದ್ರೆ ಏನು ಅಂತ ಗೊತ್ತಾಯ್ತು ಕಣೋ ಸೂರಿ. ಇಷ್ಟು ವರ್ಷ ಎಲ್ಲಾನೂ ಕಷಾಯದ ಬಣ್ಣದಲ್ಲೇ ನೋಡಿದೀನಿ. ಅಂಗಡೀಲಿ ಇದು ಕಣ್ಣಿಗೆ ಬಿತ್ತು, ನಿಂಗೇ ಅಂತ ತಂದೆ."

ಸೂರ್ಯನಾರಾಯಣರು ಚೀಲವನ್ನು ನೇರ ಬೇಸ್‌ಮೆಂಟಿಗೆ ಒಯ್ದರು.

ಹದಿನೆಂಟನೆಯ ದಿನ ಶನಿವಾರ. ಸುಬ್ಬು ಮತ್ತು ಅವನ ಹೆಂಡತಿ ವಿಜಿ ರಾತ್ರಿಯೂಟಕ್ಕೆ ಬರುವವರಿದ್ದರು. ಬೆಳಗ್ಗೆ ಹುಳಿಗೆ ಬೇಳೆ ಇಡುತ್ತಾ ಅಲಮೇಲು ತಮ್ಮ ಗಂಡ ಸೂರ್ಯನಾರಾಯಣರನ್ನು ಕೇಳಿದರು:

"ಏನ್ರೀ, ಆ ಮೀನು ಇನ್ನೂ ಕೆಳಗೇ ಇದ್ಯಾ?"

"ಇನ್ನು ಹನ್ನೆರಡು ದಿನ."

"ಚೆನ್ನಾಗಿದೆ! ವಿಜಿ ಕೊಟ್ಟ ಸೀರೆ ಉಡೋಣ ಅಂತ ನಾನು ತೆಗೆದಿಟ್ಟಿದೀನಿ. ಕೊಟ್ಟವರು ಮನೆಗೆ ಬಂದಾಗ ಕೊಟ್ಟಿದ್ದು ಕಾಣಬೇಕಲ್ವಾ? ನೀವು ನೋಡಿದ್ರೆ ಅವರ ಮೀನನ್ನ ಪೈಪೊಳಗೆ ತುರುಕಿದೀರಿ."

"ಸೀರೆಗೆ ರೋಗ ಬರಲ್ಲ, ಅಲಮೇಲು."

"ಇದಕ್ಕೆ ಬಂದಿದ್ಯಾ?"

ಬಂದಂತೆ ಕಾಣಲಿಲ್ಲ. ದಿನವೂ ಟಾರ್ಚ್ ಬಿಟ್ಟು ನೋಡಿದ್ದರು, ಒಂದು ಚುಕ್ಕೆಯಿಲ್ಲ. ಕಾಣುವುದಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ ಎಂಬುದನ್ನು ಮೂವತ್ತು ವರ್ಷ ಎಳೆಯ ಡಾಕ್ಟರುಗಳಿಗೆ ಕಲಿಸಿದವರು ಅವರೇ. ಆದರೆ ಪೈಪಿನ ತುಂಡಿನೊಳಗೆ ತನ್ನ ನೀಲಿಯನ್ನು ಹುಡುಕುವ ಸುಬ್ಬುವಿನ ಮುಖವನ್ನು ನೆನೆದು ಅವರು ಮೆತ್ತಗಾದರು; ಮೀನನ್ನು ಅಂದೇ ಮೇಲೆ ಬಿಡುವುದೆಂದು ತೀರ್ಮಾನಿಸಿದರು.

ಉಳಿದದ್ದನ್ನೆಲ್ಲ ಕ್ರಮವಾಗಿಯೇ ಮಾಡಿದರು. ಸಣ್ಣ ಕೊಳವೆಗೆ ಗಂಟು ಹಾಕಿ, ಮೀನಿದ್ದ ಬಕೆಟ್ಟಿಗೆ ಮೇಲಿನ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟರು. ಉಪ್ಪಿನಂಶ ಅಳೆದರು. ದೀಪ ಆರಿಸಿ, ತೂತುಗಳಿದ್ದ ಪಾರದರ್ಶಕ ಡಬ್ಬಿಯಲ್ಲಿ ಮೀನನ್ನು ಮೇಲಿನ ಟ್ಯಾಂಕಿಗೆ ಇಳಿಸಿದರು. ಹಳದಿ ಮೀನು ಡಬ್ಬಿಗೆ ಬಾಲ ಬಡಿದು ಜಗಳ ತೆಗೆಯಿತು. ಮಧ್ಯಾಹ್ನದ ಹೊತ್ತಿಗೆ ಬೇಸತ್ತು ಬಿಟ್ಟಿತು. ನಾಲ್ಕಕ್ಕೆ ಡಬ್ಬಿ ತೆರೆದರು.

ಸುಬ್ಬು ಬಂದವನೇ ಗಾಜಿನ ಮುಂದೆ ಕುಳಿತ.

"ಪೊರೆ ತೆಗೆದ ಮೇಲೆ ನನ್ನನ್ನೂ ಇಷ್ಟು ಹೊತ್ತು ನೋಡಿಲ್ಲ ಇವರು," ಎಂದರು ವಿಜಿ.

"ನೋಡ್ದೆ ಕಣೇ. ಆಮೇಲೇ ಮೀನಂಗಡಿಗೆ ಹೋಗಿದ್ದು."

ಬುಧವಾರ ನೀಲಿ ಮೀನಿನ ರೆಕ್ಕೆಯ ಮೇಲೆ ಉಪ್ಪು ಚಿಮುಕಿಸಿದಂತೆ ಬಿಳಿ ಚುಕ್ಕೆಗಳು. ಶುಕ್ರವಾರ ಹಳದಿಯ ಮೈಮೇಲೂ. ದಾರಿ ಒಂದೇ: ಎಲ್ಲ ಮೀನನ್ನೂ ಕೆಳಗೆ ಔಷಧದ ನೀರಿನಲ್ಲಿಡುವುದು, ಮೇಲಿನ ಟ್ಯಾಂಕನ್ನು ಎಪ್ಪತ್ತಾರು ದಿನ ಮೀನಿಲ್ಲದೆ ಬಿಡುವುದು. ಅಂಟಿಕೊಳ್ಳಲು ಮೀನು ಸಿಗದೆ ರೋಗಾಣು ಸಾಯಬೇಕು. ಹಳದಿ ಮೀನು ಕಮಾನಿನೊಳಗೆ ಹೊಕ್ಕಿತ್ತು. ಹನ್ನೊಂದು ವರ್ಷದ ಕಲ್ಲುಗಳನ್ನು ಅವರು ಒಂದೊಂದಾಗಿ ಕಿತ್ತರು. ಎರಡು ಹವಳ ಮುರಿದವು. ಕೊನೆಯ ಕಲ್ಲು ತೆಗೆದಾಗ ಮೀನು ಬಲೆಗೆ ತಾನಾಗಿ ಬಂತು. ಓಡುವ ಶಕ್ತಿ ಇರಲಿಲ್ಲ. ನಾಲ್ಕನೆಯ ದಿನ ಸತ್ತಿತು. ನೀಲಿ ಬದುಕಿತು.

"ಸುಬ್ಬುಗೆ ಹೇಳ್ಬೇಡಿ, ಮನಸ್ಸಿಗೆ ಹಚ್ಕೋತಾರೆ," ಎಂದರು ಅಲಮೇಲು. ಅವರ ದನಿ ಇಳಿದಿತ್ತು.

ಹೇಳದಿದ್ದರೆ ಸುಬ್ಬುವಿಗೆ ನೆಮ್ಮದಿ, ನಿಜ. ಆದರೆ ಮುಚ್ಚಿಟ್ಟ ತಪ್ಪು ಇನ್ನೊಂದು ವಾರ್ಡಿನಲ್ಲಿ ಮತ್ತೆ ಏಳುವುದನ್ನು ಸೂರ್ಯನಾರಾಯಣರು ಸಾಕಷ್ಟು ಕಂಡಿದ್ದರು. ಫೋನ್ ಮಾಡಿದರು.

"ಹಳದಿ ಮೀನು ಹೋಯ್ತು, ಸುಬ್ಬು. ನಿನ್ನ ಮೀನಲ್ಲಿದ್ದ ರೋಗ. ಆದ್ರೆ ತಪ್ಪು ನಂದು. ನೀನು ಬರ್ತೀಯ ಅಂತ ಹನ್ನೆರಡು ದಿನ ಮೊದಲೇ ಮೇಲೆ ಬಿಟ್ಟೆ."



"ನನಗೋಸ್ಕರಾನಾ? ಅಲ್ಲ ಕಣೋ, ಬೇಸ್‌ಮೆಂಟಲ್ಲಿದೆ ಬಾ ಅಂದಿದ್ರೆ ಇಳ್ಕೊಂಡು ಬರ್ತಿರಲಿಲ್ವಾ ನಾನು? ಕಣ್ಣು ತಾನೇ ಕೆಟ್ಟಿದ್ದು? ಕಾಲು ನೆಟ್ಟಗಿದೆ."

ಇಷ್ಟು ಸುಲಭದ ದಾರಿ ಸೂರ್ಯನಾರಾಯಣರಿಗೆ ಹೊಳೆದೇ ಇರಲಿಲ್ಲ. ಗೆಳೆಯನ ಮನಸ್ಸನ್ನು ಅವನನ್ನು ಕೇಳದೆ ತಾವೇ ಊಹಿಸಿಬಿಟ್ಟಿದ್ದರು. ಪರೀಕ್ಷಿಸದ ಊಹೆಯನ್ನು ಅವರು ಬೇರೆ ಯಾರಿಂದಲೂ ಒಪ್ಪುತ್ತಿರಲಿಲ್ಲ.

ಮರುದಿನ ಸುಬ್ಬು ಬಂದ. ಹಾಲ್‌ನಲ್ಲಿ ಮೀನಿಲ್ಲದ ಟ್ಯಾಂಕಿನ ಮುಂದೆ ಒಂದು ಗಳಿಗೆ ನಿಂತ. ಕೆಳಗಿಳಿದು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು, ಪೈಪಿನಿಂದ ಇಣುಕುತ್ತಿದ್ದ ನೀಲಿಯನ್ನು ನೋಡಿದ. ಎದ್ದು ಹೊರಟಾಗ ಅವನ ಬೆರಳು ಟ್ಯಾಂಕಿನ ನೀರಿಗೆ ತಾಗಿತು.

"ಸುಬ್ಬು," ಎಂದರು ಸೂರ್ಯನಾರಾಯಣರು, ಮೆಟ್ಟಿಲಿಗೆ ಅಡ್ಡ ನಿಂತು. "ಕೈ ತೊಳ್ಕೊಂಡು ಮೇಲೆ ಬಾ."

ಸುಬ್ಬು ಅಂಗಿಯ ತೋಳು ಮಡಿಸಿ ಸಿಂಕಿನ ಕಡೆಗೆ ನಡೆದ.