ಪೈಪ್‌ಲೈನ್ ದಾರಿಯ ಇಡ್ಲಿ ಸಾಂಬಾರ್

ನನ್ನ ಗಂಡ ರಜೆ ಎಂಬ ಪದ ಬಳಸಿದಾಗಲೇ ನನಗೆ ಅನುಮಾನ ಬಂತು. ಘಾಟ್ಕೋಪರ್ ಸ್ಟೇಷನ್ ಹತ್ತಿರದ ನಮ್ಮ ಹೋಟೆಲಿಗೆ ಮಗಳ ಮದುವೆಯ ದಿನವೂ ಒಂದು ಗಳಿಗೆ ಹೋಗಿ ಬಂದ ಮನುಷ್ಯ ಅವರು. ಅಂಥವರು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ತಾನ್ಸಾ ಕೆರೆಯಿಂದ ಮುಂಬಯಿಗೆ ನೀರು ತರುವ ಬ್ರಿಟಿಷರ ಕಾಲದ ಪೈಪ್‌ಲೈನಿನ ಪಕ್ಕದಲ್ಲೇ ಮೂರು ದಿನ ಸೈಕಲ್ ತುಳಿದು ಬರೋಣ ಎಂದರು. ಇಬ್ಬರಿಗೂ ಐವತ್ತೈದು ದಾಟಿದೆ. ಅವರ ಎದೆಯಲ್ಲಿ ಒಂದು ಸ್ಟೆಂಟ್ ಬೇರೆ ಇದೆ.

"ಡಾಕ್ಟ್ರೇ ಹೇಳಿದ್ದು ಮಾರಾಯ್ತಿ, ಸೈಕಲ್ ಒಳ್ಳೇದಂತೆ."

ಡಾಕ್ಟರು ಹೋಟೆಲ್ ಬಿಡಿ ಎಂದೂ ಹೇಳಿದ್ದರು. ಅದು ಮಾತ್ರ ಇವರ ಕಿವಿಗೆ ಬಿದ್ದಿರಲಿಲ್ಲ. ನಾನು ವರ್ಷಗಟ್ಟಲೆ ಜಗಳವಾಡಿದ ಮೇಲೆ, ಈ ದೀಪಾವಳಿಗೆ ಎಲ್ಲವನ್ನೂ ತಮ್ಮನಿಗೆ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಆ ಮಾತು ಉಳಿಯುತ್ತದೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಿಂದ ಸೈಕಲ್‌ಗಳನ್ನು ಟೆಂಪೋಗೆ ಹಾಕಿಕೊಂಡು ಹೋಗಿ ಕೆರೆಯ ಹತ್ತಿರ ಇಳಿದೆವು. ಆಳೆತ್ತರದ ಕಬ್ಬಿಣದ ಪೈಪು, ಅದರ ಪಕ್ಕದಲ್ಲಿ ಒರಟು ರಸ್ತೆ. ಪೈಪು ಸೋರುವ ಕಡೆಯೆಲ್ಲ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಮೊದಲ ದಿನವೇ ಒಬ್ಬ ಕಾವಲುಗಾರ ಅಡ್ಡ ಬಂದ.

"ಕಿಧರ್ ಜಾನಾ ಹೈ ಅಂಕಲ್?"

"ಘಾಟ್ಕೋಪರ್."

"ಕ್ಯೋಂ, ಟ್ರೇನ್ ಬಂದ್ ಹೈ ಕ್ಯಾ?"

ಟ್ರೇನ್ ನಿಂತುಹೋಗಿದೆಯಾ ಎಂಬ ಅವನ ಅನುಮಾನ ನನಗೆ ನ್ಯಾಯವಾಗಿಯೇ ಕಂಡಿತು.

ಅಸಲು ವಿಷಯ ಊಟ ತಿಂಡಿಯ ಹೊತ್ತಿಗೆ ಶುರುವಾಗುತ್ತಿತ್ತು. ಹಸಿವಾಗಲಿ ಬಿಡಲಿ, ಪೈಪ್ ರಸ್ತೆ ಬಿಟ್ಟು ಸ್ಟೇಷನ್ ಕಡೆ ಹೋಗಿ, ತಮ್ಮ ಊರ ಕಡೆಯ ತುಳುವರ ಹೋಟೆಲನ್ನೇ ಹುಡುಕಿ, ಇಡ್ಲಿ ಸಾಂಬಾರ್ ತರಿಸುತ್ತಿದ್ದರು. ತಮ್ಮ ತಟ್ಟೆ ಮುಟ್ಟದೆ ನನ್ನ ಮುಖ ನೋಡುತ್ತ ಕೂರುತ್ತಿದ್ದರು.

"ಹೇಗುಂಟು?"

"ಪರವಾಗಿಲ್ಲ ಕಣ್ರೀ."

"ಪರವಾಗಿಲ್ಲ ಅಂದ್ರೆ ಎಂತ? ಉಪ್ಪು ಕಮ್ಮಿಯಾ, ಹುಳಿ ಹೆಚ್ಚಾ? ಸರಿ ಹೇಳು."

ನಾನು ಮೈಸೂರಿನವಳು. "ನಿಮ್ಮವರಿಗೆ ಸಾರು ಗೊತ್ತು, ಸಾಂಬಾರ್ ಗೊತ್ತಿಲ್ಲ" ಎಂದು ಮದುವೆಯಾದಂದಿನಿಂದ ಆಡಿಕೊಂಡ ಗಂಡ ಈಗ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ! ತಿಂದಾದ ಮೇಲೆ ಕೌಂಟರಿನಲ್ಲಿ ಕೂತವರೊಡನೆ ತಗ್ಗಿದ ದನಿಯಲ್ಲಿ ತುಳು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಎರಡನೇ ದಿನ ಮುಲುಂಡ್‌ನಲ್ಲಿ, ಬಾಡಿಗೆಗಿದೆ ಎಂದು ಬೋರ್ಡು ಹಾಕಿದ್ದ ಅಂಗಡಿಯ ಮುಂದೆಯೇ ಸೈಕಲ್ ನಿಲ್ಲಿಸಿ ನೀರು ಕುಡಿದರು. ನನಗೆ ಲೆಕ್ಕ ಸರಿಹೋಯಿತು. ಇವರು ಹೋಟೆಲ್ ಬಿಡುವುದಿರಲಿ, ಇನ್ನೊಂದಕ್ಕೆ ಜಾಗ ನೋಡುತ್ತಿದ್ದಾರೆ. ಸ್ಟೆಂಟ್ ಹಾಕಿಸಿಕೊಂಡ ಎದೆಯಲ್ಲಿ! ಸಿಟ್ಟಿಗೆ ನಾನು ಆ ಸಂಜೆಯೆಲ್ಲ ಅವರಿಗಿಂತ ಮುಂದೆಯೇ ಸೈಕಲ್ ತುಳಿದೆ.

ಮೂರನೇ ದಿನ ಭಾಂಡುಪ್ ಹತ್ತಿರ ಸೆಕೆಗೆ ತಲೆ ಸುತ್ತುತ್ತಿತ್ತು. ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಹಸಿವಿಗೆ ಅವತ್ತು ನನ್ನ ಮಾತಿಗೆ ಕಾಯದೆ ಅವರೂ ತಿನ್ನತೊಡಗಿದರು. ಚಟ್ನಿ ಬಾಯಿಗಿಟ್ಟ ತಕ್ಷಣ ಉಗಿದೆ. ಹಳಸಿ ಹುಳಿ ನಾತ ಬರುತ್ತಿತ್ತು. ಇವತ್ತು ಇಲ್ಲಿ ರಂಪ ಖಂಡಿತ ಎಂದುಕೊಂಡು ತಲೆ ಎತ್ತಿದರೆ, ಅವರು ತಮ್ಮ ಬಟ್ಟಲು ಖಾಲಿ ಮಾಡಿ ಇನ್ನಷ್ಟು ಚಟ್ನಿಗೆ ಕೈ ಎತ್ತಿದ್ದರು.

ನಮ್ಮ ಹೋಟೆಲಿನಲ್ಲಿ ಬೆಳಗಿನ ಮೊದಲ ಸೌಟು ಸಾಂಬಾರ್, ಮೊದಲ ಚಮಚ ಚಟ್ನಿ ಧಣಿಯ ಅಂಗೈಗೆ ಬೀಳಬೇಕು. ಅವರು ನೆಕ್ಕಿ ತಲೆಯಾಡಿಸಿದ ಮೇಲೆಯೇ ಶಟರ್ ಎತ್ತುವುದು. ಹುಳಿ ಹೆಚ್ಚಾಯಿತೆಂದು ಇಡೀ ಪಾತ್ರೆ ಚೆಲ್ಲಿಸಿದವರು ಅವರು.

"ಚಟ್ನಿ ಹೇಗಿದೆ ರೀ?" ಎಂದು ಕೇಳಿದೆ.

"ಲಾಯ್ಕ್ ಉಂಟು," ಎಂದವರು ನನ್ನ ಮುಖ ನೋಡಿದರು. ಕೈ ಕೆಳಗಿಳಿಯಿತು.

"ಯಾವತ್ತಿಂದ?"

"ಮಳೆಗಾಲದಲ್ಲಿ ಜ್ವರ ಬಂತಲ್ಲ, ಅಲ್ಲಿಂದ. ಬಿಸಿ, ತಣ್ಣಗೆ, ಅಷ್ಟೇ ಗೊತ್ತಾಗುದು."

"ಮತ್ತೆ ದಿನಾ ತಲೆ ಆಡ್ಸೋದು?"

"ಭಟ್ರ ಮುಖ ನೋಡಿ."

ಅಡುಗೆ ಭಟ್ಟರು ಹೋದ ವಾರ ರಜೆ ಹಾಕಿದ್ದರಂತೆ. ಹೊಸ ಅಡುಗೆಯವನು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ್ದ. ಇವರು ತಲೆಯಾಡಿಸಿಬಿಟ್ಟಿದ್ದರು. ಗಿರಾಕಿಗಳು ತಟ್ಟೆ ದೂಡಿ ಎದ್ದು ಹೋದರಂತೆ. ಕೌಂಟರಿನವರ ಹತ್ತಿರ ತುಳುವಿನಲ್ಲಿ ಇವರು ಕೇಳುತ್ತಿದ್ದದ್ದು ಒಂದೇ: ನನ್ನ ಪರಿಚಯದವನೊಬ್ಬನಿಗೆ ರುಚಿ ಹೋಗಿದೆ, ಯಾರಿಗಾದರೂ ವಾಪಸು ಬಂದದ್ದುಂಟಾ?

"ನಿನ್ನ ನಾಲಿಗೆ ಎಷ್ಟು ಸರಿ ಅಂತ ನೋಡ್ಬೇಕಿತ್ತು. ನಮ್ಮ ಹೋಟೆಲಲ್ಲಿ ಎಲ್ಲರೆದುರು ನೋಡ್ಲಿಕ್ಕೆ ಆಗ್ತದಾ? ದೀಪಾವಳಿವರೆಗೆ ಬೆಳಿಗ್ಗೆ ನನ್ನ ಜೊತೆ ಬಾ. ತಮ್ಮನಿಗೆ ಕೊಡುವಾಗ ಸಾಂಬಾರ್ ಸರಿ ಇರ್ಬೇಕು."

ಮೂರು ದಿನ ತೊಡೆ ನೋಯಿಸಿಕೊಂಡದ್ದು ಪರೀಕ್ಷೆ ಬರೆಯಲು ಎಂದು ತಿಳಿದು ಮೈ ಉರಿಯಿತು. ದೀಪಾವಳಿವರೆಗೆ ಎಂಬ ಮಾತನ್ನು ನಾನು ಆಗ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ನಾನು ಬರಲ್ಲ ಎಂದಿದ್ದರೆ ಅವರು ಅವತ್ತೇ ಹೋಟೆಲ್ ಬಿಟ್ಟುಬಿಡುತ್ತಿದ್ದರು. ನಾನು ಇಷ್ಟು ವರ್ಷ ಬಯಸಿದ್ದು ಅದನ್ನೇ. ಅವರು ಖಾಲಿ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಒಂದು ಸಲ ಮೂಸಿ, ಸಾಲದೆಂದು ಇನ್ನೊಂದು ಸಲ ಮೂಸಿದರು. ನನಗೆ ಅಳು ಬಂತು. ಬಟ್ಟಲು ಕಿತ್ತುಕೊಂಡು ಪಕ್ಕಕ್ಕಿಟ್ಟು, "ಅಲಾರಾಂ ನಾಲ್ಕೂವರೆಗೆ ಇಡಿ," ಎಂದೆ.