ನಾನೇ ಹೊಲಿದು ಮುಚ್ಚಿದ ಕಾರು

ನಿಮ್ಮ ಅಜ್ಜ ತೀರಿಕೊಂಡ ಎಂಟನೆಯ ವರ್ಷ. ಆಗ ನಾನು ಗದಗಿನಲ್ಲಿ ಕಾರಿನ ಸೀಟುಗಳಿಗೆ ಕವರ್ ಹೊಲಿಯುತ್ತಿದ್ದೆ. ಬೆಟಗೇರಿಯ ಮನೆಯಲ್ಲಿ ಮಗ್ಗ ನಿಂತ ಮೇಲೆ ಕಲಿತ ಕೆಲಸ ಅದು. ಬೆಳ್ಳಟ್ಟಿಯ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವಳು ನಾನು. ಮಾತು ಕಡಿಮೆ, ಹೊಸಬರ ಮುಂದೆ ಅದೂ ಇಲ್ಲ. ಹೊಲಿಯುವವಳಿಗೆ ಮಾತು ಬೇಕಾಗುವುದಿಲ್ಲ ಎಂದುಕೊಂಡೇ ಆ ಕೆಲಸಕ್ಕೆ ಒಗ್ಗಿದ್ದೆ. ನನ್ನ ಅಂಗಡಿಗೆ ಹತ್ತು ಕಾರು ಬಂದರೆ ಎಂಟು ಒಬ್ಬನೇ ವ್ಯಾಪಾರಿಯವು. ಹಳೆಯ ಕಾರು ಕೊಂಡು, ಹೊಸದರ ಹಾಗೆ ಮಾಡಿ ಮಾರುವವನು. ಅವನ ಹೆಸರು ಇಲ್ಲಿ ಬೇಡ.

ಆ ಮಳೆಗಾಲದ ಒಂದು ಮಂಗಳವಾರ ಬಿಳಿ ಕಾರೊಂದು ಬಂದು ನಿಂತಿತು. ನಡೆಸುತ್ತಿದ್ದವರು ಮುಂಡರಗಿಯ ಒಂದು ಶಾಲೆಯಲ್ಲಿ ಕಲಿಸುವ ಶಾರದಾ ಅಕ್ಕೋರು. ಹಿಂದಿನ ಸೀಟಿನಲ್ಲಿ ಅವರ ಅತ್ತೆ. ಅತ್ತೆಯ ಮೊಣಕಾಲಿಗೆ ಔಷಧ ಮಾಡಿಸಲು ವಾರಕ್ಕೊಮ್ಮೆ ಗದಗಿಗೆ ಬರುತ್ತಿದ್ದರಂತೆ.

“ಸೆಕೆಂಡ್ ಹ್ಯಾಂಡ್ ಗಾಡಿರಿ ಅವ್ವಾರ. ತಗೊಂಡು ಮೂರು ವರ್ಷ ಆತು. ಮಳಿ ಬಂದ್ರ ಸಾಕು, ಒಳಗ ವಾಸನಿ,” ಎಂದರು ಅಕ್ಕೋರು.

“ವಾಸನಿ ಅನಬ್ಯಾಡ, ಕೆರಿ ದಂಡಿ ಅನ್ನು,” ಎಂದಳು ಹಿಂದಿನಿಂದ ಅತ್ತೆ. “ಕಪ್ಪಿ ಒದರೂದೊಂದು ಬಾಕಿ ಐತಿ.”

“ನಮ್ಮತ್ತಿಯಾರು ಮೊದಲಿಂದ್ಲೂ ಹಿಂಗರಿ. ನನ್ನ ಕಾರ್ ಅಂದ್ರ ಮೂಗಿಗೆ ಸೆರಗ ಹಿಡೀತಾರ.”

“ನಿನ್ನ ಅಡಗಿಗೂ ಹಿಡೀತೇನಿ. ಅದನ್ನ್ಯಾಕ ಹೇಳವಲ್ಲಿ?”

ಸೀಟಿನ ಬಟ್ಟೆ ಹಳತಾಗಿ ವಾಸನೆ ಹಿಡಿದಿರಬೇಕು, ಹೊಸ ಕವರ್ ಹಾಕಿಸಿದರೆ ಹೋದೀತು ಎಂಬುದು ಅಕ್ಕೋರ ಎಣಿಕೆ. ಗುರುವಾರ ಬರುತ್ತೇವೆಂದು ಹೇಳಿ, ಕಾರು ಬಿಟ್ಟು, ಇಬ್ಬರೂ ಬಸ್ಸಿಗೆ ಹೋದರು.

ಸೀಟೆಂದರೆ ಮೂರು ಪದರ. ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಫೋಮ್, ಫೋಮಿನ ಮೇಲೆ ರೆಕ್ಸಿನ್ ಕವರ್. ಹಿಂದಿನ ಸೀಟನ್ನು ಕಿತ್ತು ಹೊರಗೆ ತಂದು, ಕವರ್ ಬಿಚ್ಚಲು ಮಗುಚಿ ಹಾಕಿದೆ. ಹೊಲಿಗೆಯ ಕೊನೆ ನೋಡಿದವಳೇ ಕತ್ತರಿ ಕೆಳಗಿಟ್ಟೆ. ಅಲ್ಲೊಂದು ಸಣ್ಣ ಗಂಟಿತ್ತು. ಮಗ್ಗದಲ್ಲಿ ಎಳೆ ಹರಿದರೆ ನೇಕಾರರು ಹಾಕುತ್ತಾರಲ್ಲ, ಅದೇ ಗಂಟು. ಬೇರೆಯವರು ಹೊಲಿಗೆಯನ್ನೇ ಹಿಂದಕ್ಕೆ ತಿರುಗಿಸಿ ದಾರ ಮುಗಿಸುತ್ತಾರೆ. ಗದಗಿನಲ್ಲಿ ಸೀಟು ಹೊಲಿದು ಹಾಗೆ ಗಂಟು ಹಾಕುವವಳು ನಾನೊಬ್ಬಳೇ.

ಆಗ ಕಾರಿನ ನೆನಪಾಯಿತು. ಮೂರು ವರ್ಷದ ಹಿಂದೆ ಆ ವ್ಯಾಪಾರಿ ತಂದು ನಿಲ್ಲಿಸಿದ್ದು. ಫೋಮಿನ ತುಂಬ ನುಣ್ಣನೆಯ ಕೆಸರು ಒಣಗಿತ್ತು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ, ನೀರು ನಿಂತು ಇಳಿದ ಕಂದು ಗೆರೆ ಪಟ್ಟಿಯ ಮೇಲೆ ಅಚ್ಚಾಗಿತ್ತು. ಎಲ್ಲಿಯೋ ಹೊಳೆ ಬಂದಾಗ ಮುಳುಗಿದ ಕಾರು. ನಾನು ಅವನನ್ನು ಕರೆದು ತೋರಿಸಿದ್ದೆ.

“ಅಕ್ಕಾ, ನಿನ್ನ ಕೆಲಸ ಹೊಲಿಯೂದು. ನೋಡೂದಲ್ಲ,” ಎಂದಿದ್ದ.

ನಾನು ಫೋಮ್ ತೊಳೆದು, ಬಿಸಿಲಿಗೆ ಹಾಕಿ, ಚೊಕ್ಕ ಹೊಲಿದು ಕೊಟ್ಟಿದ್ದೆ. ಬಹಳ ಛಲೋ ಹೊಲಿದಿದ್ದೆ. ಅದೇ ತಪ್ಪು.

ಈಗ ಕಾರಿನೊಳಗೆ ಬಗ್ಗಿ, ಸೀಟು ಕೂರುವ ಜಾಗದ ಕಾರ್ಪೆಟ್ ಎತ್ತಿದೆ. ಹಿಂದಿನ ಬೆಲ್ಟಿನ ಕೆಳತುದಿಯನ್ನು ಅಲ್ಲಿನ ತಗಡಿಗೆ ಒಂದು ಬೋಲ್ಟಿನಿಂದ ಬಿಗಿದಿರುತ್ತಾರೆ. ಗಾಡಿ ಎಲ್ಲಾದರೂ ಬಡಿದರೆ ಕೂತವರನ್ನು ಹಿಡಿದಿಡುವುದು ಆ ಬೋಲ್ಟು. ಎಡಬದಿಯ ಬೋಲ್ಟಿನ ಸುತ್ತ ಒಂದು ಗೇಣಿನಷ್ಟು ತಗಡು ತುಕ್ಕು ತಿಂದು ಜಂಗಾಗಿತ್ತು. ಸ್ಕ್ರೂಡ್ರೈವರಿನ ತುದಿ ಒತ್ತಿದೆ. ತಗಡು ರೊಟ್ಟಿಯ ಪದರದ ಹಾಗೆ ಎದ್ದು, ತೂತಿನಲ್ಲಿ ಕೆಳಗಿನ ನೆಲ ಕಂಡಿತು. ಅತ್ತೆ ಕೂರುತ್ತಿದ್ದುದು ಅದೇ ಬದಿಗೆ.

ಬುಧವಾರ ಇಡೀ ದಿನ ಕೈ ನಿಲ್ಲಲಿಲ್ಲ, ಕೆಲಸವೂ ಆಗಲಿಲ್ಲ. ರೆಕ್ಸಿನ್ ಕತ್ತರಿಸಿದೆ, ಅಳತೆ ತಪ್ಪಿತು. ಹೇಳಿದರೆ ಮುಚ್ಚಿದವಳು ನಾನೇ ಎಂಬುದೂ ಹೊರಬೀಳುತ್ತದೆ, ಹತ್ತರಲ್ಲಿ ಎಂಟು ಕಾರು ತರುವವನೂ ಹೋಗುತ್ತಾನೆ. ಹೇಳದಿದ್ದರೆ ಆ ಮುದುಕಿ ಮುಂದಿನ ಮಂಗಳವಾರವೂ ಅದರ ಮೇಲೆಯೇ ಕೂತು ಬರುತ್ತಾಳೆ. ಜಂಗಿನ ಮಾತಷ್ಟೇ ಹೇಳಿ, ನನ್ನ ಮಾತು ಬಿಟ್ಟರಾಯಿತು ಎಂದೂ ಯೋಚಿಸಿದೆ. ಕವರ್ ಅರ್ಧ ಏರಿಸಿದೆ, ಇಳಿಸಿದೆ. ಚಹಾ ಮಾಡಿಕೊಂಡು ಕುಡಿಯುವುದು ಮರೆತೆ. ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದು, ಮತ್ತೆ ಏರಿಸಿದೆ, ಮತ್ತೆ ಇಳಿಸಿದೆ.

ಗುರುವಾರ ಹನ್ನೊಂದಕ್ಕೆ ಅತ್ತೆ ಸೊಸೆ ಬಂದಾಗ ಸೀಟು ಕವರಿಲ್ಲದೆ ಗೋಡೆಗೆ ಒರಗಿತ್ತು.

“ಇನ್ನೂ ಮುಗದಿಲ್ಲೇನ್ರಿ?”

“ಅಕ್ಕೋರ, ಒಂದೀಟ ಬಗ್ಗಿ ನೋಡ್ರಿ.”

ತೂತು ತೋರಿಸಿದೆ. ಬೋಲ್ಟನ್ನು ಕೈಯಿಂದ ಅಲುಗಾಡಿಸಿ ತೋರಿಸಿದೆ. ಈ ಕಾರು ಮೊದಲೇ ನೀರಿನಲ್ಲಿ ಮುಳುಗಿ, ಒಳಗೆಲ್ಲ ಕೆಸರು ರಾಡಿಯಾಗಿತ್ತು ಎಂದೆ.

“ನಿಮಗ ಹೆಂಗ ಗೊತ್ತು?”

ಕೆಲಸ ಮಾಡುವವರಿಗೆ ನೋಡಿದರೆ ತಿಳಿಯುತ್ತದೆ ಎಂದಿದ್ದರೆ ಸಾಕಿತ್ತು. ಅದು ನಾಲಿಗೆಯವರೆಗೂ ಬಂದಿತ್ತು.

“ಆವಾಗೂ ನಾನ ಹೊಲದಿದ್ನಿರಿ.”

“ರಾಡಿ ಕಂಡಿತ್ತು?”

“ಕಂಡಿತ್ತು.”

ಅಕ್ಕೋರು ಮತ್ತೊಮ್ಮೆ ಬಗ್ಗಿ ಆ ಬೋಲ್ಟನ್ನು ತಾವೇ ಅಲುಗಾಡಿಸಿ ನೋಡಿದರು. “ಬೆಲ್ಟ್ ಹಾಕ್ಕೋರಿ, ಹಾಕ್ಕೋರಿ ಅಂತ ವಾರಾ ವಾರಾ ಇವರ ಕೂಡ ಜಗಳಾ ತಗದೇನಿ,” ಎಂದರು. 

ಅತ್ತೆ ಕೋಲು ಊರಿ ಬಂದು ತಾನೂ ಬಗ್ಗಿದಳು. “ನನ್ನ ಮೂಗು ಖರೆ ಹೇಳಿತ್ತೋ ಇಲ್ಲೋ?” ಎಂದು ಸೊಸೆಯನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಗು ಇರಲಿಲ್ಲ. “ಮೂರು ವರ್ಷಕ್ಕ ಬಾಯಿ ತಗದಿಯಲ್ಲವಾ. ಇನ್ನ ಆ ಮಾರಿದಾಂವನ ಮುಂದೂ ತಗಿ. ಇಲ್ಲಂದ್ರ ಅಂವ ನಮ್ಮನ್ನ ಸುಳ್ಳರ ಮಾಡ್ತಾನ.”

ಮೂವರೂ ಆಟೋ ಹಿಡಿದು ಆ ವ್ಯಾಪಾರಿಯಲ್ಲಿಗೆ ಹೋದೆವು. ನಾನು ಗೇಟಿನ ಹತ್ತಿರವೇ ನಿಂತೆ. 

“ಮೂರು ವರ್ಷ ಓಡ್ಸಿ ಈಗ ಬಂದೀರೇನ್ರಿ? ನಾ ಕೊಟ್ಟಾಗ ಛಲೋ ಇತ್ತು. ಒಳಗ ಏನಿತ್ತು ನನಗೇನ ಗೊತ್ತು?” ಎಂದ.

“ಗೊತ್ತಿತ್ರಿ,” ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. “ಸೀಟ್ ತಗದು ತೋರ್ಸಿದ್ನಿ. ನಿಮ್ಮ ಕೈಗೆ ರಾಡಿ ಹತ್ತಿತ್ತು. ನನ್ನ ಬಕೀಟಿನ್ಯಾಗ ತೊಳಕೊಂಡ್ರಿ.”

ಅವನು ತನ್ನ ಕೈ ನೋಡಿಕೊಂಡ. ಅಲ್ಲಿ ಕಾರು ಕೊಳ್ಳಲು ಬಂದಿದ್ದ ಇಬ್ಬರು ಇದನ್ನೆಲ್ಲ ಕೇಳುತ್ತಿದ್ದರು. ಅದಕ್ಕೋ ಏನೋ, ಹೆಚ್ಚು ವಾದ ಮಾಡಲಿಲ್ಲ. ಒಂಬತ್ತು ದಿನದಲ್ಲಿ ತಗಡು ಬದಲಿಸಿ, ವೆಲ್ಡಿಂಗ್ ಮಾಡಿಸಿ, ಹೊಸ ಬೆಲ್ಟು ಹಾಕಿಸಿ ಕೊಟ್ಟ. ಅಕ್ಕೋರು ಬೇರೆ ಮಿಸ್ತ್ರಿಗೆ ತೋರಿಸಿ ಖಾತ್ರಿ ಮಾಡಿಕೊಂಡೇ ಅತ್ತೆಯನ್ನು ಕೂರಿಸಿದರು ಎಂದು ಆಮೇಲೆ ತಿಳಿಯಿತು. ಸೀಟಿನ ಕವರನ್ನೂ ಅವರು ಬೇರೆ ಕಡೆ ಹೊಲಿಸಿಕೊಂಡರು. ಅದು ಸರಿ. ವ್ಯಾಪಾರಿ ಅಂದಿನಿಂದ ನನ್ನ ಅಂಗಡಿಗೆ ಕಾರು ಕಳಿಸಲಿಲ್ಲ. ನಾಲ್ಕು ತಿಂಗಳು ಶಾಲೆ ಮಕ್ಕಳ ಹರಿದ ಚೀಲ ಹೊಲಿದು ದಿನ ನೂಕಿದೆ. ಆಮೇಲೆ ಒಂದೊಂದಾಗಿ ಬೇರೆ ಕಾರು ಬಂದವು.

ಈಗ ಸೀಟು ಬಿಚ್ಚಿದ ಮೇಲೆ ಮಾಲೀಕರನ್ನು ಕರೆಯುತ್ತೇನೆ. “ನೀವ ಹೊಲೀರಿ, ನಾವೇನ ನೋಡೂದು,” ಎಂದು ಕೆಲವರು ಸಿಡುಕುತ್ತಾರೆ. ಅವರು ಬಂದು ಬಗ್ಗಿ ನೋಡುವವರೆಗೂ ನಾನು ಹೊಲಿಗೆ ಹಾಕುವುದಿಲ್ಲ. ಕೈಕೆಲಸದವರು ಕಂಡದ್ದನ್ನು ಹೇಳುವುದೂ ಕೆಲಸದೊಳಗಿನ ಕೆಲಸವೇ. ಇದನ್ನು ಕಲಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆದರೂ ಸಮಾಧಾನವಿಲ್ಲ. ನೋಡೂದಲ್ಲ ಎಂದು ಆ ವ್ಯಾಪಾರಿ ಹೇಳಿದ ಮೇಲೆ ಮೂರು ವರ್ಷ ನಾನು ನೋಡುವುದನ್ನೇ ಬಿಟ್ಟಿದ್ದೆ. ಆಗ ಹೊಲಿದ ಕಾರುಗಳಲ್ಲಿ ಯಾವುದರ ಒಳಗೆ ಏನಿತ್ತೋ, ಈಗ ಅವುಗಳಲ್ಲಿ ಯಾರು ಕೂತಿದ್ದಾರೋ. ಮೊನ್ನೆ ಲಕ್ಷ್ಮೇಶ್ವರದ ಮದುವೆಗೆ ಬಾಡಿಗೆ ಕಾರಿನಲ್ಲಿ ಹೋಗುವಾಗ, ಅಜ್ಜಿ ಸೀಟಿನಡಿ ಕೈ ಹಾಕಿ ತಡಕಾಡುತ್ತಾಳೆಂದು ನೀವು ಮುಸಿಮುಸಿ ನಕ್ಕಿರಿ. ನಾನು ಏನನ್ನೂ ಕಳೆದುಕೊಂಡಿರಲಿಲ್ಲ ಮಕ್ಕಳೇ. ನನ್ನ ಗಂಟು ಅಲ್ಲಿದೆಯೇನೋ ಎಂದು ನೋಡುತ್ತಿದ್ದೆ.