ಸ್ಕ್ಯಾನ್ ಟೇಬಲ್ಲಿನ ಮೇಲೆ ಮೈದುನನ ಗಾದಿ

ಹುಬ್ಬಳ್ಳಿಯ ಸ್ಕ್ಯಾನ್ ಸೆಂಟರಿನಲ್ಲಿ ನನ್ನ ಹೆಂಡತಿ ಮೊದಲ ಸಲ ಅರ್ಧಕ್ಕೇ ಎದ್ದುಬಿಟ್ಟಳು. ಟೇಬಲ್ ಗಟ್ಟಿ, ಬೆನ್ನು ಸಿಡಿಯುತ್ತದೆ, ಅಲುಗಾಡದೆ ಮಲಗಲಾರೆ ಎಂದಳು. ಅಲುಗಾಡಿದರೆ ಚಿತ್ರ ಕಲಸಿಹೋಗುತ್ತದೆ. ಚಿತ್ರವಿಲ್ಲದೆ ಬೆನ್ನಿಗೆ ಆಪರೇಷನ್ ಬೇಕೋ ಬೇಡವೋ ಹೇಳಲಾಗದು ಎಂದರು ಡಾಕ್ಟರು. ಮುಂದಿನ ವಾರ ಮತ್ತೆ ಬರಬೇಕಾಯಿತು.

ನಾನು ನಿವೃತ್ತ ಪಿ.ಟಿ. ಮಾಸ್ತರ. ಹಾನಗಲ್ಲಿನ ನಮ್ಮ ಮನೆಯಲ್ಲಿ ಹಾಸಿಗೆ ಹಾಸುವುದು, ಮಡಚುವುದು ಇಂದಿಗೂ ನನ್ನ ಕೆಲಸ. ಅಂಚಿಗೆ ಅಂಚು ಕೂಡಲೇಬೇಕು. ಟೇಬಲ್ಲಿಗೆ ಹಾಸುವುದೂ ನನ್ನದೇ ಎಂದುಕೊಂಡೆ. ಅವಳ ಅವ್ವ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಒಗೆದು, ಒಣಗಿಸಿ, ಮಡಚಿ ಒಯ್ದೆ. ಅಯಸ್ಕಾಂತದ ಯಂತ್ರ, ಲೋಹದ ಚೂರೂ ಒಳಗೆ ಬರಕೂಡದು ಎಂದಿದ್ದರು. ಸೆಂಟರಿನ ಬಾಗಿಲಲ್ಲೇ ಬಳೆ, ಕಾಲುಂಗುರ, ತಾಳಿ, ಪಿನ್ನು ಎಲ್ಲ ಬಿಚ್ಚಿಸಿ ಕರವಸ್ತ್ರದಲ್ಲಿ ಕಟ್ಟಿಟ್ಟೆ.

ಅಷ್ಟರಲ್ಲಿ ಅವಳ ತಮ್ಮ ಬಂದ. ಸವಣೂರಿನಲ್ಲಿ ಟ್ರ್ಯಾಕ್ಟರು, ಬೈಕುಗಳ ಸೀಟು ಹೊಲಿಯುವವನು. ಯಲವಿಗಿಯಲ್ಲಿ ರೈಲು ಹತ್ತಿದ್ದನಂತೆ. ಬಗಲಲ್ಲಿ ಸ್ಪಂಜಿನ ಗಾದಿ, ಕೈಯಲ್ಲಿ ಉದ್ದನೆಯ ಲೋಡು ದಿಂಬು.

"ಮಾವಾರ, ಆ ಕೌದಿ ಮನ್ಯಾಗ ಇರ್ಲಿ ಬಿಡ್ರಿ," ಎಂದು ನಕ್ಕ.

"ನಿನ್ನ ಗಾದಿ ಟ್ರ್ಯಾಕ್ಟರಿಗೆ ಇರ್ಲಿ," ಎಂದೆ.

"ಇಬ್ರೂ ಸುಮ್ನಿರ್ರಿ. ಮಲಗಾಕಿ ನಾನು," ಎಂದಳು ಹೆಂಡತಿ.

ಟೆಕ್ನಿಷಿಯನ್ ಹುಡುಗಿ ಮೊದಲು ಕೌದಿಯ ಮೇಲೆ ಕೈಯಾಡಿಸಿದಳು. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು. "ಅಜ್ಜಾರ, ಇದ್ರಾಗ ಜರಿ ಐತ್ರಿ. ಒಳಗ ನಡ್ಯಾಂಗಿಲ್ಲ."

ಅದು ನಮ್ಮ ಮದುವೆಯ ಸೀರೆಯ ಸೆರಗು. ಅತ್ತೆ ಅದನ್ನು ಕೌದಿಯ ನಟ್ಟನಡುವೆ ಹೊಲಿದಿದ್ದರು. ಪಿನ್ನನ್ನೂ ಬಿಡದೆ ಹುಡುಕಿದ ನಾನು ಅದನ್ನೇ ಮರೆತಿದ್ದೆ.

ಗಾದಿಯನ್ನು ಒತ್ತಿ ನೋಡಿ ಹುಡುಗಿ ಒಪ್ಪಿದಳು. "ಈ ಲೋಡ್ಯಾಕ?" ಎಂದು ಮೈದುನನನ್ನು ಕೇಳಿದೆ.

"ಮೊಣಕಾಲಿನ ಕೆಳಗ್ರಿ. ಕಾಲು ಚಾಚಿದ್ರ ನಡಾ ಜಗ್ತೈತಿ ಅಂತ ಅಕ್ಕ ಫೋನಿನ್ಯಾಗ ಹೇಳಿದ್ಲು."

ಒಂದೇ ಮನೆಯಲ್ಲಿರುವ ನನಗೆ ಅದನ್ನು ಹೇಳಿರಲಿಲ್ಲ. ಬಾಗಿಲು ಮುಚ್ಚಿತು, ಒಳಗೆ ಯಂತ್ರ ಬಡಿದುಕೊಳ್ಳತೊಡಗಿತು. ಸ್ಕ್ಯಾನ್ ಮುಗಿಯಲಿ ಎಂದು ಬೇಡಿಕೊಂಡೆ. ಅವನ ಗಾದಿಯಿಂದ ಮುಗಿಯದಿರಲಿ ಎಂದೂ ಬೇಡಿಕೊಂಡೆ.

ಅವನ ಗಾದಿಯಿಂದಲೇ ಮುಗಿಯಿತು. ಹೊರಗೆ ಬಂದವಳು ನನ್ನನ್ನು ದಾಟಿ ತಮ್ಮನತ್ತ ಹೋದಳು. "ನಿದ್ದಿ ಹತ್ತಿಬಿಟ್ಟಿತ್ತು ನೋಡೋ!"

ಮುಂದೆ ಬರುವವರಿಗೆ ಇರಲಿ ಎಂದು ಹುಡುಗಿ ಕೇಳಿದಾಗ ಅವನು ಗಾದಿ, ಲೋಡು ಎರಡನ್ನೂ ಅಲ್ಲೇ ಬಿಟ್ಟ. ಹೊಗಳಿಕೆ ಅದಕ್ಕೂ ಸಿಕ್ಕಿತು. ನಾನು ಕೌದಿ ಹೊತ್ತು ಬಸ್ ಹತ್ತಿದೆ.

"ಮಾರಿ ಯಾಕ ದಪ್ಪ ಮಾಡೀರಿ?" ಎಂದಳು ಹೆಂಡತಿ.

"ಕಾಲಿನ ಮಾತು ನನಗ್ಯಾಕ ಹೇಳ್ಲಿಲ್ಲ?"

"ನಿಮಗ ಹೇಳಿದ್ರ ಕಸರತ್ತು ಹಚ್ತಿದ್ರಿ."

ಚಿತ್ರ ಸ್ಪಷ್ಟವಾಗಿ ಬಂದಿತ್ತು, ಆಪರೇಷನ್ ಬೇಡವೆಂದರು. ಈಗ ದಿನವೂ ಹಾಸಿಗೆ ಹಾಸುವಾಗ ಆ ಕೌದಿಯನ್ನೇ ಸುರುಳಿ ಸುತ್ತಿ ಅವಳ ಮೊಣಕಾಲಿನ ಕೆಳಗೆ ಇಡುತ್ತೇನೆ. ಹೇಗಿದೆ ಎಂದು ಕೇಳದೆ ಇರಲಾಗುವುದಿಲ್ಲ.

"ಚಲೋ ಐತ್ರಿ," ಎನ್ನುತ್ತಾಳೆ. "ಆದ್ರ ನಮ್ಮ ತಮ್ಮಂದು ಇನ್ನೊಂದೀಟು ಮೆತ್ತಗಿತ್ತು."